ಹೇಮ ಕೂಗಿದ್ದು ನನಗೆ ಕೇಳಿಸಿತ್ತು

ನನಗೊಂದು ಚಟ ಇದೆ. ನಾಲ್ಕು ಹೆಜ್ಜೆ ನಡೆದರೆ ಒಮ್ಮೆ ಹಿಂದೆ ತಿರುಗಿ ನೋಡುತ್ತೇನೆ, ಎಡಗಡೆ ಒಮ್ಮೆ, ಬಲಗಡೆ ಒಮ್ಮೆ. ನಾನಾಗಿ ನೋಡುವುದಲ್ಲ, ಕತ್ತು ತಾನೇ ತಿರುಗಿಬಿಡುತ್ತದೆ. ಮೊನ್ನೆ ಜಾವಗಲ್ ಸಂತೆಯಲ್ಲಿ ಅಮ್ಮನ ಜೊತೆ ಸೊಪ್ಪು ಕೊಳ್ಳುತ್ತಿದ್ದೆ. ಸೊಪ್ಪು ಮಾರುವಾಕೆ ಕಂತೆ ಬಿಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಆಮೇಲೆ ದನಿ ತಗ್ಗಿಸಿ, "ಯಾಕವ್ವ, ಯಾರಾದ್ರೂ ಹಿಂದೆ ಬಿದ್ದವ್ರಾ? ಹೇಳು, ನನ್ನ ತಮ್ಮ ಅಲ್ಲೇ ಅವ್ನೆ" ಅಂದಳು.

ಅಮ್ಮ ನಗುತ್ತಾ, "ಯಾರೂ ಇಲ್ಲ ಕಣಮ್ಮ. ಇವಳು ಫುಟ್‌ಬಾಲ್ ಆಡ್ತಿದ್ಲು" ಅಂದರು. ಆಕೆಗೆ ಏನು ಅರ್ಥವಾಯಿತೋ ಗೊತ್ತಿಲ್ಲ. ಕನಿಕರದಿಂದ ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕಿದಳು.

ನಾನು ಹನ್ನೊಂದು ವರ್ಷ ಕ್ಲಬ್‌ಗಳಿಗೆ ಆಡಿದವಳು. ಅದೇ ನನ್ನ ಕೆಲಸ, ಅದೇ ಸಂಬಳ. ಆಡುತ್ತಿದ್ದುದು ಡಿಫೆಂಡರ್ ಆಗಿ, ಅಂದರೆ ನಮ್ಮ ಗೋಲಿನ ಮುಂದೆ ನಿಂತು, ಎದುರಿನವರು ಬಂದರೆ ತಡೆಯುವವಳಾಗಿ. ಈ ಜಾಗದ ಕಷ್ಟವೇನೆಂದರೆ ಚೆಂಡು ಕಣ್ಣೆದುರಿಗಿರುತ್ತದೆ, ಗೋಲು ಹೊಡೆಯುವವಳು ಬೆನ್ನ ಹಿಂದೆ ಸುಳಿದಾಡುತ್ತಿರುತ್ತಾಳೆ. ಹಾಗಾಗಿ ಎರಡೆರಡು ಸೆಕೆಂಡಿಗೆ ಹಿಂದೆ ನೋಡಲೇಬೇಕು. ಆಟ ಬಿಟ್ಟು ವರ್ಷವಾಯಿತು, ಈಗ ಅರಸೀಕೆರೆಯ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಆದರೂ ಬ್ಯಾಂಕಿನ ಕ್ಯೂನಲ್ಲಿ ನಿಂತಾಗ ಹಿಂದಿನವರು ಗಾಬರಿಯಾಗಿ ಒಂದಡಿ ದೂರ ಸರಿಯುತ್ತಾರೆ.

ಎಷ್ಟು ಗೋಲು ಹೊಡೆದಿದ್ದೀರಿ ಮಿಸ್ ಎಂದು ಮಕ್ಕಳು ಕೇಳುತ್ತಾರೆ. ಮೂರು ಎನ್ನುತ್ತೇನೆ. ಹನ್ನೊಂದು ವರ್ಷಕ್ಕೆ ಮೂರೇ ಎಂದು ಅವರ ಮುಖ ಬಾಡುತ್ತದೆ. ಆ ಮೂರರಲ್ಲಿ ಒಂದು ನಮ್ಮದೇ ಗೋಲಿಗೆ ಹೊಡೆದದ್ದು ಎನ್ನುವುದನ್ನು ನಾನು ಹೇಳುವುದಿಲ್ಲ. ಇಲ್ಲಿ ನಿಮಗೆ ಹೇಳಬೇಕೆಂದಿರುವುದು ಅದನ್ನೇ.

ಅದಕ್ಕೆ ಮೊದಲು ಸ್ವಲ್ಪ ಅರಸೀಕೆರೆ. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್, ಹಳಿ ನೋಡಿಕೊಳ್ಳುವ ಕೆಲಸ. ಅಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ನಾವಿದ್ದದ್ದು ಕ್ವಾರ್ಟರ್ಸಿನಲ್ಲಿ. ಸಂಜೆ ಮನೆಗೆ ಬಂದ ಕೂಡಲೇ ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಕೂತು ಮಗ್ಗಿ ಒಪ್ಪಿಸಬೇಕಿತ್ತು. ಹದಿನಾರರ ಮಗ್ಗಿ ಮುಗಿದರೆ ಬಿಡುಗಡೆ. ಕ್ವಾರ್ಟರ್ಸಿನ ಹಿಂದೆ ಒಂದು ಮೈದಾನ, ಅಲ್ಲಿ ಡ್ಯೂಟಿ ಮುಗಿಸಿದ ಗಂಡಸರ ಫುಟ್‌ಬಾಲ್. ಬುದ್ಧನ ಮುಖದಲ್ಲಿದ್ದ ಶಾಂತಿ ನನ್ನಲ್ಲಿ ಇರಲಿಲ್ಲ. ಹದಿನಾರು ಹತ್ತಲಿ ನೂರರವತ್ತು ಅನ್ನುವಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡಿರುತ್ತಿದ್ದೆ.

ಗೋಲಿನ ಹಿಂದೆ ನಿಂತು, ಹೊರಗೆ ಹೋದ ಚೆಂಡನ್ನು ಎತ್ತಿ ಎಸೆಯುವುದು ನನ್ನ ಕೆಲಸ. ಒಂದು ದಿನ ಎಸೆಯುವ ಬದಲು ಒದ್ದೆ. ಅದು ನೇರವಾಗಿ ಪಳನಿ ಅಂಕಲ್ ಹೊಟ್ಟೆಗೆ ಬಿತ್ತು. ಅವರು ರೈಲ್ವೆಯಲ್ಲಿ ಫಿಟ್ಟರ್, ಕೋಲಾರದ ಚಿನ್ನದ ಗಣಿ ಕಡೆಯವರು. ಅಲ್ಲಿ ಚಿಕ್ಕಂದಿನಿಂದ ಫುಟ್‌ಬಾಲ್ ಆಡಿ, ಡಿಫೆಂಡರ್ ಆಗಿ ಹೆಸರು ಮಾಡಿ, ಮಂಡಿ ಕೆಡಿಸಿಕೊಂಡು ನಮ್ಮೂರಿಗೆ ಬಂದಿದ್ದರು. ಬೈಯುತ್ತಾರೆ ಎಂದುಕೊಂಡೆ. ಅವರು ಹೊಟ್ಟೆ ಸವರಿಕೊಂಡು ಹತ್ತಿರ ಬಂದು, "ಏಯ್ ಸುಜಾತಾ, ಗೋಲ್ ಹೊಡೆಯೋರಿಗೆ ಎಲ್ಲಾ ಕೈ ತಟ್ತಾರೆ. ತಡೆಯೋರಿಗೆ ಯಾರೂ ತಟ್ಟಲ್ಲ. ತಡೆಯೋದು ಕಲೀತೀಯಾ?" ಅಂದರು.

ನನಗೆ ಹತ್ತು ವರ್ಷ. ಇದೇನೋ ನೌಕರಿಯ ಇಂಟರ್‌ವ್ಯೂ ಎಂದುಕೊಂಡು ಅಟೆನ್ಶನ್‌ನಲ್ಲಿ ನಿಂತು, "ಕಲೀತೀನಿ ಸಾರ್" ಅಂದೆ.

ಮೊಣಕಾಲಿನ ಕೆಳಗೆ ಪೆಟ್ಟು ಬೀಳದಂತೆ ಕಟ್ಟಿಕೊಳ್ಳಲು ಆಟಗಾರರಿಗೆ ಪ್ಯಾಡ್ ಇರುತ್ತದೆ. ನನ್ನ ಹತ್ತಿರ ಇರಲಿಲ್ಲ. ಅರಸೀಕೆರೆಯಲ್ಲಿ ತೆಂಗಿನ ಮಟ್ಟೆಗೆ ಏನು ಬರ? ಸೀಳಿ ಕಾಲ್ಚೀಲದೊಳಗೆ ತುರುಕಿಕೊಂಡೆ. ಪೆಟ್ಟು ತಡೆಯಿತು, ಆದರೆ ನಾರು ಚುಚ್ಚಿ ಕಾಲೆಲ್ಲ ಕೆಂಪು ಗುಳ್ಳೆ. ಅಮ್ಮ ಕಜ್ಜಿಯೆಂದು ತೀರ್ಮಾನಿಸಿ ಆಸ್ಪತ್ರೆಯಿಂದ ತಂದ ಮುಲಾಮನ್ನು ವಾರವಿಡೀ ಹಚ್ಚಿದರು. ನರ್ಸಮ್ಮನ ಮಗಳಿಗೇ ಕಜ್ಜಿ ಎಂದು ಕ್ವಾರ್ಟರ್ಸಿನಲ್ಲಿ ಸುದ್ದಿಯಾಯಿತು. ನಿಜ ಗೊತ್ತಾದ ದಿನ ಅಮ್ಮ ಮುಲಾಮಿನ ಡಬ್ಬಿ ಮುಚ್ಚಿಟ್ಟರು. ಮುಂದಿನ ತಿಂಗಳು ಹಾಸನಕ್ಕೆ ಹೋದಾಗ ನಿಜವಾದ ಪ್ಯಾಡ್ ತಂದು ನನ್ನ ಸ್ಕೂಲ್ ಬ್ಯಾಗಿನ ಮೇಲಿಟ್ಟರು.

ಹೇಮ ಸಿಕ್ಕಿದ್ದು ನಾನು ಎಂಟನೆಯ ಕ್ಲಾಸಿನಲ್ಲಿದ್ದಾಗ, ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ. ಅವಳು ಹಳೇಬೀಡಿನ ಹತ್ತಿರದ ಮಾದಿಹಳ್ಳಿಯವಳು. ಮನೆಯಲ್ಲಿ ಗದ್ದೆ, ತೆಂಗು, ನಾಲ್ಕೈದು ಕರೆಯುವ ಹಸುಗಳು. ಬಂದಿದ್ದು ಥ್ರೋಬಾಲ್ ಆಡಲು. ಪಳನಿ ಅಂಕಲ್ ನಮ್ಮ ತಂಡದ ಜೊತೆ ಬಂದಿದ್ದವರು ಥ್ರೋಬಾಲ್ ಅಂಕಣದ ಪಕ್ಕ ನಿಂತು ಅರ್ಧ ಗಂಟೆ ಅಲ್ಲಾಡಲಿಲ್ಲ. "ಆ ಹುಡುಗಿ ಕೈ ನೋಡು, ಮೊರ ಥರ ಇದೆ. ಒಂದು ಬಾಲ್ ಜಾರಿಲ್ಲ" ಅಂದರು. ಅವಳ ಪಿ.ಟಿ. ಮೇಷ್ಟ್ರನ್ನು ಹಿಡಿದು ಒಪ್ಪಿಸಿದರು. ಆಮೇಲೆ ಪ್ರತಿ ಭಾನುವಾರ ಅವಳು ಮೊದಲ ಬಸ್ಸಿಗೆ ಮಾದಿಹಳ್ಳಿ ಬಿಟ್ಟು, ಹಳೇಬೀಡು, ಜಾವಗಲ್ ದಾಟಿ ಅರಸೀಕೆರೆಗೆ ಬಂದು ಗೋಲ್‌ಕೀಪಿಂಗ್ ಕಲಿತಳು. ಮನೆಯಲ್ಲಿ ಒಂದು ವರ್ಷ ಅದನ್ನು ಥ್ರೋಬಾಲ್ ಕ್ಯಾಂಪ್ ಎಂದೇ ಹೇಳಿದ್ದಳು.

ಇಬ್ಬರೂ ಪಿಯುಸಿ ಮುಗಿಸಿ ಬೆಂಗಳೂರಿನ ಒಂದು ಕ್ಲಬ್ ಸೇರಿದೆವು. ಒಂದೇ ರೂಮು, ಒಂದೇ ಬಕೆಟ್ಟು. ತಂಡದಲ್ಲಿ ಮಣಿಪುರದವರು, ಕೇರಳದವರು, ಬಂಗಾಳದವರು ಎಲ್ಲ ಇದ್ದರು. ಮೇಲಿಂದ ಬರುವ ಚೆಂಡನ್ನು ಗೋಲ್‌ಕೀಪರ್ ತಾನೇ ಹಿಡಿಯುತ್ತೇನೆ ಎಂದರೆ "ಕೀಪರ್" ಎಂದು ಕೂಗಬೇಕು. ಆಗ ಡಿಫೆಂಡರ್ ಬಿಟ್ಟು ಸರಿಯಬೇಕು. ಅದು ನಿಯಮ. ಹೇಮಳಿಗೆ ಅವಸರದಲ್ಲಿ ಆ ಪದ ಬಾಯಿಗೆ ಬರುತ್ತಿರಲಿಲ್ಲ. "ನಂದೂ" ಎಂದು ಕಿರುಚುತ್ತಿದ್ದಳು, ಗದ್ದೆಯ ಆ ಬದುವಿನಿಂದ ಈ ಬದುವಿಗೆ ಕೇಳಿಸುವಂತೆ. ಮಣಿಪುರದ ಹುಡುಗಿಯರು ಕಲಿತ ಮೊದಲ ಕನ್ನಡ ಪದ ಅದೇ. ಮೆಸ್ಸಿನಲ್ಲಿ ಕೊನೆಯ ಹಪ್ಪಳಕ್ಕೂ ಅವರು "ನಂದೂ" ಅನ್ನತೊಡಗಿದ್ದರು.

ನಾಲ್ಕನೆಯ ವರ್ಷದ ಕೊನೆಯ ಪಂದ್ಯ. ಆವತ್ತು ಡ್ರಾ ಆದರೂ ಸಾಕು, ನಮ್ಮ ಕ್ಲಬ್ ಮೇಲಿನ ಲೀಗಿಗೆ ಹೋಗುತ್ತಿತ್ತು. ಎಂಬತ್ತು ನಿಮಿಷ ಎರಡೂ ತಂಡಗಳು ಗೋಲಿಲ್ಲದೆ ಆಡಿದವು. ಆಗ ಬಲಗಡೆಯಿಂದ ಅವರ ಹುಡುಗಿ ಚೆಂಡನ್ನು ಮೇಲಕ್ಕೆತ್ತಿ ನಮ್ಮ ಗೋಲಿನ ಮುಂದಕ್ಕೆ ಹಾಕಿದಳು. ನಾನು ಗೋಲಿನ ಕಡೆಗೇ ಓಡುತ್ತಿದ್ದೆ. ಹಿಂದೆ ಅವರ ಉದ್ದನೆಯ ಫಾರ್ವರ್ಡ್ ಬರುತ್ತಿರುವುದು ಗೊತ್ತಿತ್ತು. ಹೇಮ ಮುಂದೆ ಬಂದು ಕೂಗಿದಳು, "ನಂದೂ."

ಕೇಳಿಸಿತು. ಜನರ ಗದ್ದಲದಲ್ಲಿ ಬೇರೆಯವರಿಗೆ ಕೇಳಿಸಿರಲಿಕ್ಕಿಲ್ಲ, ನಾನು ಹತ್ತಿರವಿದ್ದೆ. ಸ್ಪಷ್ಟವಾಗಿ ಕೇಳಿಸಿತು. ಆದರೆ ಹಿಂದಿನವಳ ಉಸಿರು ಕಿವಿಗೇ ತಾಗಿದಂತಾಗಿ, ಹೇಮ ತಲುಪಲಾರಳು ಎನ್ನಿಸಿತು. ಹಾರಿ ತಲೆ ಕೊಟ್ಟೆ. ಚೆಂಡು ಹೊರಗೆ ಹೋಗುವ ಬದಲು, ಮುಂದೆ ಬಂದಿದ್ದ ಹೇಮಳ ಕೈಗಳ ಮೇಲಿಂದ ದಾಟಿ ನಮ್ಮ ಗೋಲಿನೊಳಗೆ ಬಿತ್ತು. ಅವಳ ಕೈ ಎರಡೂ ಚೆಂಡು ಇರಬೇಕಾಗಿದ್ದ ಜಾಗದಲ್ಲೇ ಇದ್ದವು.

ಸೋತೆವು. ಎಲ್ಲರೂ ಡ್ರೆಸ್ಸಿಂಗ್ ರೂಮಿಗೆ ಬಂದು ಕೂತೆವು. ಕೋಚ್ ಮೇಡಂ ಒಳಗೆ ಬಂದು ಬಾಗಿಲು ಹಾಕಿದರು. ಸಿಟ್ಟು ಮಾಡಲಿಲ್ಲ. "ಒಂದೇ ಪ್ರಶ್ನೆ. ಹೇಮ, ನೀನು ಕರೆದೆಯಾ?" ಅಂದರು.

ನಾನು ಬೂಟಿನ ಲೇಸ್ ಬಿಚ್ಚುತ್ತಿದ್ದೆ.

"ಇಲ್ಲ ಮೇಡಂ" ಅಂದಳು ಹೇಮ. "ಕರೀಬೇಕಿತ್ತು, ಕರೀಲಿಲ್ಲ. ತಪ್ಪು ನಂದೇ."

ನನ್ನ ಲೇಸ್ ಗಂಟಾಗಿತ್ತು. ಗಂಟು ಬಿಡಿಸುತ್ತಲೇ ಇದ್ದೆ. ಮೇಡಂ ಸ್ವಲ್ಪ ಹೊತ್ತು ನಿಂತು, "ಸರಿ" ಎಂದು ಹೊರಗೆ ಹೋದರು. ತಲೆಯೆತ್ತಿ ಒಂದು ಮಾತು ಹೇಳಲು ಎಷ್ಟು ಹೊತ್ತು ಬೇಕು? ಆ ಗಂಟು ಬಿಡಿಸಲು ತೆಗೆದುಕೊಂಡದ್ದರ ಅರ್ಧವೂ ಬೇಡ.

ಮಾರನೆಯ ದಿನ ರಜೆಗೆ ಊರಿಗೆ ಹೊರಟೆವು. ರೂಮಿನಲ್ಲಿ ಬಟ್ಟೆ ತುಂಬುವಾಗ ಹೇಮ ಎರಡು ಸಲ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಬ್ಯಾಗಿನ ಜಿಪ್ ಸರಿಮಾಡುತ್ತಿದ್ದೆ. ನೋಡಿ, ನನ್ನ ಹೇಡಿತನಕ್ಕೆಲ್ಲ ಕೈಗೊಂದು ಕೆಲಸ ಸಿಕ್ಕಿಬಿಡುತ್ತದೆ.

ಎರಡು ವಾರದಲ್ಲಿ ನನ್ನ ಕಾಂಟ್ರ್ಯಾಕ್ಟ್ ಮುಂದುವರಿಯಿತು. ಹೇಮಳದು ಮುಂದುವರಿಯಲಿಲ್ಲ. ಅವಳ ಜಾಗಕ್ಕೆ ಕೇರಳದಿಂದ ಒಬ್ಬಳು ಬಂದಳು. ಹೇಮ ಮಾದಿಹಳ್ಳಿಯಲ್ಲೇ ಉಳಿದಳು. ನಾನು ಇಡೀ ಒಂದು ವರ್ಷ ಆಡಿದೆ. ಚೆನ್ನಾಗಿಯೇ ಆಡಿದೆ ಎನ್ನುವುದು ಇನ್ನೂ ನಾಚಿಕೆಗೇಡು. ತಂಡದ ವೈಸ್ ಕ್ಯಾಪ್ಟನ್ ಆದೆ. ಈಗ ಹೇಳಿ ಏನು ಪ್ರಯೋಜನ, ಅವಳ ಜಾಗಕ್ಕೆ ಬೇರೆಯವರು ಬಂದಾಯಿತಲ್ಲ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಹಬ್ಬಕ್ಕೆ ಶುಭಾಶಯ ಕಳಿಸುತ್ತಿದ್ದೆ. ಅವಳು ಒಂದು ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದಳು. ಅಷ್ಟೇ.

ಆ ವರ್ಷದ ಕೊನೆಗೆ ಪಳನಿ ಅಂಕಲ್ ರಿಟೈರ್ ಆದರು. ಊರಿಗೆ, ಮಗಳ ಮನೆಗೆ ಹೊರಟಿದ್ದರು. ಸಾಮಾನು ಕಟ್ಟಲು ನೆರವಾಗೋಣವೆಂದು ನಾನು ಅವರ ಕ್ವಾರ್ಟರ್ಸಿಗೆ ಹೋದೆ. ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿ ದಬ್ಬಳದಲ್ಲಿ ಹೊಲಿಯುತ್ತಿದ್ದೆವು. ಅವರು ಸುಮ್ಮನೆ ಕೇಳಿದರು, "ಹೇಮ ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ ಅಂಕಲ್. ಮನೆ ಕಡೆ ನೋಡ್ಕೊಂಡಿದ್ದಾಳೆ."

ಅವರು ದಬ್ಬಳ ಕೆಳಗಿಟ್ಟು ಕೈ ಒರೆಸಿಕೊಂಡರು. "ಆ ಮ್ಯಾಚು ನಾನು ಫೋನಲ್ಲಿ ನೋಡಿದೆ. ನನ್ನ ಫೋನಿನ ಸ್ಪೀಕರ್ ಕೆಟ್ಟೋಗಿತ್ತು, ಸೌಂಡ್ ಇಲ್ಲ. ಬರೀ ಚಿತ್ರ. ಆ ಹುಡುಗಿ ಬಾಯಿ ತೆರೆದಿದ್ದು ಕಾಣಿಸ್ತು ಸುಜಾತಾ. ಅವಳು ಆಕಳಿಸ್ತಾ ಇರಲಿಲ್ಲ."

ನಾನು ಚೀಲದ ಬಾಯಿ ಮಡಿಸತೊಡಗಿದೆ.

"ನಿನಗೆ ತಡೆಯೋದು ಕಲಿಸಿದೆ" ಅಂದರು. "ಬಿಡೋದು ಕಲಿಸಲಿಲ್ಲವೇನೋ. ಅದು ನನ್ನ ತಪ್ಪು."

ಅವರು ಬೈದಿದ್ದರೆ ಎದುರುತ್ತರ ಕೊಡುತ್ತಿದ್ದೆ. ನನ್ನ ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡವರಲ್ಲಿ ಇವರು ಎರಡನೆಯವರು. ಗೋಣಿಚೀಲದ ಬಾಯಿ ಹಾಗೇ ಬಿಟ್ಟು ಗೋಡೆ ಕಡೆ ತಿರುಗಿ ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಉಳಿದ ಹೊಲಿಗೆ ತಾವೇ ಹಾಕಿ ಮುಗಿಸಿ, ಕಾಫಿ ಕೊಟ್ಟು, "ಮಾದಿಹಳ್ಳಿಗೆ ಬೆಳಿಗ್ಗೆ ಬಸ್ಸು ಇರುತ್ತಲ್ಲಾ" ಅಂದರು.

ಮಾರನೆಯ ದಿನ ಹೋದೆ. ಹಳೇಬೀಡಿನಲ್ಲಿ ಬಸ್ಸು ಬದಲಾಯಿಸಬೇಕು. ದೇವಸ್ಥಾನ ನೋಡಲು ಬಂದ ಒಂದು ಕುಟುಂಬ ನನ್ನ ಕೈಗೆ ಫೋನ್ ಕೊಟ್ಟು ಫೋಟೊ ತೆಗೆಯಲು ಹೇಳಿತು. ತೆಗೆದೆ. ಎಲ್ಲರ ತಲೆಯೂ ಕತ್ತರಿಸಿ ಹೋಗಿತ್ತು.

ಹೇಮಳ ಮನೆಯ ಜಗುಲಿಯ ಮೇಲೆ ಅವಳ ತಾಯಿ ಜಯಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. ನನ್ನನ್ನು ನೋಡಿದರು. ಕೂತುಕೋ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಮೊರ ಎತ್ತಿಕೊಂಡು ಒಳಗೆ ಹೋದರು. ಅಷ್ಟರಲ್ಲಿ ಹೇಮ ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನ್ ಹಿಡಿದು ಬಂದಳು. ಕೊಟ್ಟಿಗೆಯ ಪಕ್ಕ ನಿಂತು ಮಾತಾಡಿದೆವು.

"ನೀನು ಕೂಗಿದ್ದು ನನಗೆ ಕೇಳಿಸ್ತು ಹೇಮ" ಅಂದೆ.

"ಗೊತ್ತು."

"ಯಾಕೆ ಹಾಗೆ ಹೇಳಿದೆ? ಅವತ್ತು, ಮೇಡಂ ಮುಂದೆ."

ಅವಳು ಕ್ಯಾನನ್ನು ಬೋರಲು ಹಾಕಿ ಅದರ ಮೇಲೆ ಕೂತಳು. "ಎಲ್ರೂ ನಿನ್ನೇ ನೋಡ್ತಿದ್ರು. ನಿನ್ನ ಮುಖ ನೋಡೋಕಾಗ್ಲಿಲ್ಲ. ಬಾಯಿಗೆ ಬಂತು, ಹೇಳ್ದೆ. ದೊಡ್ಡ ತ್ಯಾಗ ಅಂತೇನಿಲ್ಲ ಕಣೇ. ನಾನಂಗಂದ್ರೆ ನೀನು ತಕ್ಷಣ ಎದ್ದು, ಇಲ್ಲ ಮೇಡಂ, ಇವಳು ಕರೆದಳು ಅಂತೀಯ ಅಂದ್ಕೊಂಡಿದ್ದೆ. ಇಬ್ರೂ ಹಂಗೆ ಕಿತ್ತಾಡಿದ್ರೆ ಮೇಡಂ ಇಬ್ರನ್ನೂ ಬೈದು ಬಿಟ್ಬಿಡ್ತಾರೆ ಅಂತ." ಮತ್ತೆ ಹೇಳಿದಳು, "ರೂಮಲ್ಲಿ ಹೇಳ್ತೀಯ ಅಂದ್ಕೊಂಡೆ. ಆಮೇಲೆ ಫೋನ್ ಮಾಡ್ತೀಯ ಅಂದ್ಕೊಂಡೆ. ಒಂದ್ ತಿಂಗ್ಳು ಕಾದೆ. ಆಮೇಲೆ ಕಾಯೋದು ಬಿಟ್ಟೆ."

ಹನ್ನೊಂದು ವರ್ಷದಲ್ಲಿ ನನ್ನ ಕಾಲು, ಮೂಗು, ಪಕ್ಕೆಲುಬು ಎಲ್ಲಕ್ಕೂ ಪೆಟ್ಟು ಬಿದ್ದಿದೆ. ಆ ಮಾತಿನಷ್ಟು ಯಾವುದೂ ನೋಯಲಿಲ್ಲ.

ಕೊಟ್ಟಿಗೆಯ ಪಕ್ಕವೇ ನಿಂತು ಕೋಚ್ ಮೇಡಂಗೆ ಫೋನ್ ಮಾಡಿದೆ. ನಡೆದದ್ದು ಹೇಳಿದೆ. ಅವರು ಪೂರ್ತಿ ಕೇಳಿ, "ಒಂದು ವರ್ಷ ಆದ್ಮೇಲೆ ಯಾಕೆ ಹೇಳ್ತಿದೀಯ?" ಅಂದರು.

"ಹೇಳದೆ ಇರೋಕೆ ಆಗ್ತಿಲ್ಲ ಮೇಡಂ."

"ಅದು ನಿನ್ನ ಸಮಾಧಾನಕ್ಕಾಯ್ತು. ಅವಳಿಗೇನು ಬಂತು?"

ಅವರೇ ಮುಂದುವರಿಸಿದರು. ನಮ್ಮ ಕ್ಲಬ್ಬಿನಲ್ಲಿ ಜಾಗವಿಲ್ಲ. ಐದು ವಾರ ಬಿಟ್ಟು ಗೋವಾ ಕಡೆಯ ಒಂದು ಕ್ಲಬ್ಬಿನವರು ಬೆಂಗಳೂರಿನಲ್ಲಿ ಆಟಗಾರರನ್ನು ಆರಿಸಲು ಟ್ರಯಲ್ ಇಟ್ಟಿದ್ದಾರೆ, ಗೋಲ್‌ಕೀಪರ್ ಬೇಕಂತೆ. "ಹೆಸರು ನಾನು ಕಳಿಸ್ತೀನಿ. ಉಳಿದಿದ್ದು ಅವಳ ಕೈಯಲ್ಲಿದೆ. ಇನ್ನೊಂದು, ತಂಡದವರಿಗೆಲ್ಲ ನೀನೇ ಹೇಳ್ಬೇಕು. ನಾನು ಹೇಳಲ್ಲ."

ಹೇಳಿದೆ. ವೈಸ್ ಕ್ಯಾಪ್ಟನ್ ಪಟ್ಟ ಹೋಯಿತು. ಮುಂದಿನ ಸೀಸನ್ನಿನ ಮೊದಲ ಪಂದ್ಯಗಳಲ್ಲಿ ಬೆಂಚಿನ ಮೇಲೆ ಕೂತೆ. ಅದರ ಬಗ್ಗೆ ನನಗೆ ದೂರಿಲ್ಲ. ಬೆಂಚು ಅಷ್ಟೇನೂ ಗಟ್ಟಿ ಇರಲಿಲ್ಲ.

ಆ ದಿನ ಕೊಟ್ಟಿಗೆಯ ಪಕ್ಕ ಫೋನ್ ಇಟ್ಟು ತಿರುಗಿದರೆ ಹೇಮಳ ಮುಖ ಕೆಂಪಾಗಿತ್ತು. "ಯಾರೇ ಕೇಳಿದ್ದು ನಿನ್ನ? ಒಂದ್ ವರ್ಷದಿಂದ ಬಾಲ್ ಮುಟ್ಟಿಲ್ಲ ನಾನು. ಐದ್ ವಾರದಲ್ಲಿ ಹೋಗಿ ಅಲ್ಲಿ ಎಲ್ರ ಮುಂದೆ ನಗೆಪಾಟಲು ಆಗ್ಬೇಕಾ?" ಎಂದು ಕ್ಯಾನ್ ಎತ್ತಿಕೊಂಡು ಹೊರಟೇಹೋದಳು. ನಾನು ಬಸ್ ಸ್ಟಾಪಿಗೆ ಬಂದು ನಿಂತೆ. ಮುಕ್ಕಾಲು ಗಂಟೆ ಬಸ್ಸು ಬರಲಿಲ್ಲ. ಮಾದಿಹಳ್ಳಿಯ ಬಸ್ಸುಗಳಿಗೆ ನಾನು ಋಣಿ. ಏಕೆಂದರೆ ಅಷ್ಟರಲ್ಲಿ ಹೇಮ ಬಂದು ದೂರದಲ್ಲೇ ನಿಂತು, "ನಾಳೆ ಬರೋವಾಗ ಬಾಲ್ ತಗೊಂಬಾ. ನನ್ ಬಾಲಿನ ಗಾಳಿ ಹೋಗೈತೆ" ಎಂದು ಹೇಳಿ ಹಾಗೇ ತಿರುಗಿ ಹೋದಳು.

ನಮಗೆ ಆಗ ರಜೆ. ನಾನು ಜಾವಗಲ್‌ನಲ್ಲಿ ಅಜ್ಜಿಯ ಮನೆಯಲ್ಲಿ ಉಳಿದು ದಿನವೂ ಮೊದಲ ಬಸ್ಸಿಗೆ ಮಾದಿಹಳ್ಳಿಗೆ ಹೋದೆ. ಬೇಸಿಗೆ, ಕೆರೆಯಲ್ಲಿ ನೀರು ಹಿಂದೆ ಸರಿದು ಕೆರೆಯಂಗಳದಲ್ಲಿ ಹುಲ್ಲು ಬಂದಿತ್ತು. ಎರಡು ನೀಲಗಿರಿ ಗಳ ನೆಟ್ಟು ಗೋಲು ಮಾಡಿದೆವು. ಹೇಮ ಹಾರಿದಳು, ಬಿದ್ದಳು, ಮೊಣಕೈ ತರಚಿಕೊಂಡಳು. ಮೊದಲ ವಾರ ಹತ್ತಕ್ಕೆ ಏಳು ಚೆಂಡು ಬಿಟ್ಟಳು. ನಾನೋ, ಹುಟ್ಟಾ ಡಿಫೆಂಡರ್. ಗೋಲಿಗೆ ಹೊಡೆಯುವುದೇ ಬಾರದು. ನನ್ನ ಹೊಡೆತಗಳು ಮೇಯುತ್ತಿದ್ದ ಎಮ್ಮೆಗಳ ಕಡೆಗೆ ಹೋಗುತ್ತಿದ್ದವು. "ಈ ಕಡೆ ಹೊಡಿಯೇ ತಾಯಿ. ಟ್ರಯಲ್‌ಗೆ ಹೋಗೋದು ನಾನು, ಎಮ್ಮೆ ಅಲ್ಲ" ಅನ್ನುತ್ತಿದ್ದಳು. ಅವಳು ಹೀಗೆ ಬೈಯುವುದನ್ನು ಒಂದು ವರ್ಷ ಕಳೆದುಕೊಂಡಿದ್ದೆ. ಖುಷಿಯಿಂದ ಬೈಸಿಕೊಂಡೆ. ಮೂರನೆಯ ವಾರಕ್ಕೆ ಆ ಮೊರದಂಥ ಕೈಗಳು ತಮ್ಮ ಕೆಲಸ ನೆನಪು ಮಾಡಿಕೊಂಡವು. ಚೆಂಡು ಕೈಗೆ ಕೂತಾಗ ಆಗುವ ಆ ಸದ್ದು, ಒದ್ದೆ ಬಟ್ಟೆ ಕಲ್ಲಿಗೆ ಬಿದ್ದಂತೆ, ಕೆರೆಯ ಏರಿಯವರೆಗೆ ಕೇಳಿಸತೊಡಗಿತು.

ಆಟ ಮುಗಿಸಿ ಅವಳ ಮನೆಗೆ ಬರುತ್ತಿದ್ದೆವು. ಅವಳು ಒಳಗೆ ಹೋಗುತ್ತಿದ್ದಳು, ನಾನು ಜಗುಲಿಯಲ್ಲಿ ಕೂರುತ್ತಿದ್ದೆ. ಕಾಫಿಯನ್ನು ಹೇಮಳೇ ಹೊರಗೆ ತಂದುಕೊಡುತ್ತಿದ್ದಳು. ಒಂದು ದಿನ ಕೈಹಿಡಿದು ಒಳಗೆ ಎಳೆದಳು, ನಾನೇ ಬೇಡವೆಂದೆ. ಜಯಮ್ಮ ನನ್ನೆದುರೇ ಓಡಾಡುತ್ತಿದ್ದರು. ಐದು ವಾರದಲ್ಲಿ ಒಂದೇ ಒಂದು ಮಾತು ಆಡಲಿಲ್ಲ. ಅವರ ಮೌನಕ್ಕೆ ಎರಡು ಕಾರಣ ಇರಬಹುದಿತ್ತು. ನಾನು ಯಾರ ಮನೆಯವಳು, ನಮ್ಮ ಕೇರಿ ಯಾವುದು ಎನ್ನುವುದು ಒಂದು. ಅವರ ಮಗಳ ಅನ್ನವನ್ನು ನಾನು ಕಿತ್ತುಕೊಂಡೆ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ನಾನು ಹೊಣೆಯಲ್ಲ, ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಬಾರದೆಂದು ನಮ್ಮಪ್ಪ ಹೇಳಿಕೊಟ್ಟಿದ್ದರು. ಎರಡನೆಯದಕ್ಕೆ ಪೂರಾ ನಾನೇ ಹೊಣೆ. ಯಾವುದು ಎಷ್ಟು ಎಂದು ಜಗುಲಿಯ ಮೇಲೆ ಕೂತು ಅಳೆಯಲು ಬರುವುದಿಲ್ಲ. ಕಾಫಿ ಕುಡಿದು, ಲೋಟ ತೊಳೆಯಲು ಹೋಗದೆ, ಅಲ್ಲೇ ಇಟ್ಟು ಬಸ್ಸಿಗೆ ಹೋಗುತ್ತಿದ್ದೆ.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಕಾಯಿಸುವುದಿಲ್ಲ. ಟ್ರಯಲ್‌ನಲ್ಲಿ ಹೇಮಳನ್ನು ಎರಡನೆಯ ಗೋಲ್‌ಕೀಪರ್ ಆಗಿ ತೆಗೆದುಕೊಂಡರು. ವರ್ಷ ತುಂಬುವುದರೊಳಗೆ ಮೊದಲನೆಯವಳಾದಳು. ಈಗಲೂ ಆಡುತ್ತಿದ್ದಾಳೆ. ನಾನು ಮಂಡಿಗೆ ಪಟ್ಟಿ ಸುತ್ತಿಕೊಂಡು ಶಾಲೆಯಲ್ಲಿ ಡ್ರಿಲ್ ಮಾಡಿಸುವಾಗ ಅವಳು ಟೀವಿಯಲ್ಲಿ ಹಾರುತ್ತಿರುತ್ತಾಳೆ. ನಾವಿಬ್ಬರೂ ಎದುರುಬದುರು ತಂಡಗಳಲ್ಲಿ ಎಷ್ಟೋ ಸಲ ಆಡಿದೆವು. ಒಮ್ಮೆ ಕಾರ್ನರ್ ಕಿಕ್‌ನಲ್ಲಿ ಬಂದ ಚೆಂಡಿಗೆ ನಾನು ಜೀವಮಾನದಲ್ಲೇ ಅತ್ಯುತ್ತಮವಾಗಿ ತಲೆ ಕೊಟ್ಟೆ, ಗೋಲಿನ ಮೂಲೆಗೆ ಹೋಗುತ್ತಿತ್ತು. ಎಲ್ಲಿಂದಲೋ ಬಂದು ಒಂದೇ ಕೈಯಲ್ಲಿ ಹೊರಗೆ ತಳ್ಳಿದಳು. ಪಂದ್ಯ ಮುಗಿದ ಮೇಲೆ ಬಂದು, "ಪಾಪ ಅನ್ನಿಸ್ತು ಕಣೇ. ನಿಂಗೆ ಗೋಲುಗಳೇ ಕಮ್ಮಿ. ಆದ್ರೂ ಏನ್ ಮಾಡ್ಲಿ, ಸಂಬಳ ಕೊಡ್ತಾರಲ್ಲ" ಅಂದಳು.

ಹೊಡೆದ ಗೋಲುಗಳಿಗಿಂತ ಆ ತಪ್ಪಿದ ಗೋಲನ್ನೇ ನಾನು ಹೆಚ್ಚು ನೆನೆಯುತ್ತೇನೆ. ಆ ಕೈ ಅಲ್ಲಿ ಇರದೇ ಹೋಗಬಹುದಿತ್ತು. ಮಾದಿಹಳ್ಳಿಯಲ್ಲಿ ಹಾಲು ಕರೆಯುತ್ತಾ ಇರಬಹುದಿತ್ತು. ಹಾಲು ಕರೆಯುವುದು ಕೀಳೆಂದಲ್ಲ, ಆದರೆ ಅದು ಅವಳು ತಾನಾಗಿ ಆರಿಸಿಕೊಂಡದ್ದಾಗಿರುತ್ತಿರಲಿಲ್ಲ. ನನ್ನ ವೃತ್ತಿಯ ಕೊನೆಯ ಆರು ವರ್ಷ ನಾನು ಹಗುರವಾಗಿ ಆಡಿದೆ. ಅದನ್ನು ನನಗೆ ಕೊಟ್ಟವರು ಅವಳು, ಸ್ಪೀಕರ್ ಕೆಟ್ಟ ಫೋನಿನ ಪಳನಿ ಅಂಕಲ್, ಮತ್ತೆ, ಇದನ್ನು ಕೇಳಿದರೆ ಅವರಿಗೇ ಆಶ್ಚರ್ಯವಾದೀತು, ಜಯಮ್ಮ.

ಟ್ರಯಲ್‌ಗೆ ಹೊರಟ ದಿನ. ಹೇಮಳನ್ನು ಅರಸೀಕೆರೆಗೆ ಕರೆತಂದು ಬೆಂಗಳೂರಿನ ರೈಲು ಹತ್ತಿಸಬೇಕಿತ್ತು, ನಾನೂ ಜೊತೆಗೆ ಹೋಗುವವಳು. ಹಿಂದಿನ ಸಂಜೆಯೇ ಹಳೇಬೀಡಿಗೆ ಬಂದು ಅಮ್ಮನ ಪರಿಚಯದ ನರ್ಸ್ ಒಬ್ಬರ ಮನೆಯಲ್ಲಿ ಉಳಿದಿದ್ದೆ. ಬೆಳಕು ಹರಿಯುವಾಗ ಮಾದಿಹಳ್ಳಿ ತಲುಪಿದೆ. ಎಂದಿನಂತೆ ಜಗುಲಿಯ ಕೆಳಗೆ ನಿಂತೆ. ಒಳಗಿನಿಂದ ರೊಟ್ಟಿಯ ವಾಸನೆ ಬರುತ್ತಿತ್ತು. ಹೇಮ ಬ್ಯಾಗು ಹೆಗಲಿಗೇರಿಸಿ ಹೊಸ್ತಿಲ ಹತ್ತಿರ ಬಂದಳು. ಅವಳ ಹಿಂದೆ ಜಯಮ್ಮ, ಕೈಯೆಲ್ಲ ಹಿಟ್ಟು.

ಜಯಮ್ಮ ನನ್ನ ಕಡೆ ನೋಡಿ, "ಏನಾರ ತಿಂದ್ಕೊಂಡ್ ಬಂದ್ಯಾ?" ಅಂದರು.

ಯಾರನ್ನು ಕೇಳುತ್ತಿದ್ದಾರೆ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. "ಇಲ್ಲ ಅವ್ವ. ಬಸ್ಸಿಗೆ ಹೊತ್ತಾಗ್ತದೆ ಅಂತ ಹಂಗೇ ಬಂದೆ."

"ಬಸ್ ಬರೋಕೆ ಇನ್ನೂ ಟೈಮೈತೆ. ಅಲ್ಲೇ ಯಾಕ್ ನಿಂತಿದ್ದೀಯ. ಒಳೀಕ್ ಬಾ, ಬಿಸಿ ಆರೋಯ್ತದೆ."

ಚಪ್ಪಲಿ ಬಿಟ್ಟೆ. ಜಗುಲಿ ಹತ್ತಿದೆ. ಹೊಸ್ತಿಲು ದಾಟುವಾಗ ಹೇಮ ನನ್ನ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ತಳ್ಳಿದಳು. ಅಡುಗೆಮನೆಯಲ್ಲಿ ಒಲೆಯ ಮುಂದೆ ಎರಡು ಮಣೆ ಹಾಕಿತ್ತು, ಎರಡು ತಟ್ಟೆ, ಒಂದೇ ಥರದವು. ಕೂತೆವು. ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಒಂದು ಮುದ್ದೆ ಬೆಣ್ಣೆ. ಜಯಮ್ಮ ಹೆಂಚಿನ ಮೇಲೆ ಇನ್ನೊಂದು ರೊಟ್ಟಿ ತಟ್ಟುತ್ತಾ, ನಮ್ಮ ಕಡೆ ನೋಡದೆ, ಒಲೆಗೆ ಹೇಳುವವರಂತೆ ಹೇಳಿದರು.

"ಒಂದ್ ವರ್ಷ ಇವ್ಳು ನೆಟ್ಟಗೆ ಉಣ್ಲಿಲ್ಲ. ತಟ್ಟೆ ಮುಂದೆ ಕೂತ್ರೆ ಏನೋ ಯೋಚ್ನೆ. ಕೇಳುದ್ರೆ ಹೇಳ್ತಿರ್ಲಿಲ್ಲ. ಈಗ ಒಂದ್ ತಿಂಗ್ಳಿಂದ ಮೂರ್ ಮೂರ್ ತಿಂತಾವ್ಳೆ."

ಹೇಮ ತಲೆ ತಗ್ಗಿಸಿ ನಕ್ಕಳು. ನಾನು ಏನಾದರೂ ಹೇಳಬೇಕಿತ್ತು. ಕ್ಷಮಿಸಿ ಎನ್ನಬೇಕಿತ್ತು, ಬಾಯಿ ತುಂಬ ರೊಟ್ಟಿಯಿತ್ತು. ಅದನ್ನು ನುಂಗುವಷ್ಟರಲ್ಲಿ ಜಯಮ್ಮ ಹೆಂಚಿನಿಂದ ರೊಟ್ಟಿ ಎತ್ತಿ ನನ್ನ ಕಡೆ ಮೊದಲ ಬಾರಿಗೆ ಪೂರ್ತಿ ತಿರುಗಿ, "ಇನ್ನೊಂದ್ ಹಾಕ್ಲಾ?" ಅಂದರು.

ನಾನು ತಟ್ಟೆ ಮುಂದೆ ಹಿಡಿದೆ.